ಹೆಸರು ಕೆಟ್ಟರೆ ಇನ್ನೊಂದು ಹೆಸರು: ಆರೋಗ್ಯ ಸಚಿವರಿಗೆ ಒಬ್ಬ ಅಡುಗೆಯವಳ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಪಾರ್ಸೆಲ್ ಮಾತ್ರ ಕೊಡುವ ಹೋಟೆಲುಗಳ ಅಡುಗೆಮನೆ ಗಿರಾಕಿಗಳಿಗೆ ಕಾಣುವಂತೆ ಮಾಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಬೆಂಗಳೂರಿನ ನಾಗರಭಾವಿ ಕಡೆ ಒಂದು ಸಣ್ಣ ಅಡುಗೆಮನೆ ನಡೆಸುತ್ತೇನೆ. ಅದಕ್ಕೆ ಬೋರ್ಡ್ ಇಲ್ಲ. ಟೇಬಲ್ ಇಲ್ಲ. ಕೈ ತೊಳೆಯುವ ನಲ್ಲಿ ಇದೆ, ಅದು ನಮ್ಮ ಕೈಗೆ ಮಾತ್ರ. ಗಿರಾಕಿಗಳು ಇಲ್ಲಿಗೆ ಬರುವುದೇ ಇಲ್ಲ. ಅವರು ಫೋನಿನಲ್ಲಿ ಒತ್ತುತ್ತಾರೆ, ನಾವು ಪಾರ್ಸೆಲ್ ಕಟ್ಟುತ್ತೇವೆ, ಡೆಲಿವರಿ ಹುಡುಗರು ಒಯ್ಯುತ್ತಾರೆ. ಇದಕ್ಕೆ ಕ್ಲೌಡ್ ಕಿಚನ್ ಅನ್ನುತ್ತಾರೆ. ಮೋಡದಲ್ಲಿರೋ ಅಡುಗೆಮನೆ ಅಂತೆ! ನಮ್ಮದು ಮೂರು ಮಹಡಿ ಮನೆಯ ಕೆಳಗೆ, ಕಾರು ನಿಲ್ಲಿಸುವ ಜಾಗದ ಹಿಂದೆ ಇದೆ.

ಈ ಪತ್ರ ಓದುವವರು ನಾನು ಆನ್‌ಲೈನ್ ಊಟದ ವಿರುದ್ಧ ಬರೆಯುತ್ತಿದ್ದೇನೆ ಅಂದುಕೊಳ್ಳಬಾರದು. ನನ್ನ ಅನ್ನ ಅದರಲ್ಲೇ ಇದೆ. ನನ್ನ ಮಗಳ ಕಾಲೇಜಿನ ಫೀಸು ಅದರಲ್ಲೇ ಹೋಗುತ್ತದೆ. ನಾನು ಕೇಳುತ್ತಿರುವುದು ಬೇರೆ. ಈ ವ್ಯಾಪಾರ ಇನ್ನೂ ಬೆಳೆಯುತ್ತದೆ, ಅದನ್ನು ನಾನೂ ನೀವೂ ತಡೆಯೋಕಾಗಲ್ಲ. ಆದರೆ ಅದು ಮುಖ ಮುಚ್ಚಿಕೊಂಡು ಬೆಳೆಯಬೇಕಾ? ಕಮಿಷನ್, ತೆರಿಗೆ, ಲೈಸೆನ್ಸ್ ಅಂತ ದೂರು ಹೇಳಲು ಹತ್ತು ಇಲಾಖೆಗಳಿವೆ. ಊಟದ ಪ್ರಶ್ನೆ ಮಾತ್ರ ಕೊನೆಗೆ ಹೊಟ್ಟೆಗೆ ಬಂದು ನಿಲ್ಲುತ್ತದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಥೆ ಸ್ವಲ್ಪ ಹೇಳುತ್ತೇನೆ. ನಾವು ಮಂಡ್ಯ ಕಡೆಯವರು. 2006ರಿಂದ ನಾನೂ ನಮ್ಮ ಯಜಮಾನರೂ ಇಲ್ಲೇ ಒಂದು ಮೆಸ್ ನಡೆಸುತ್ತಿದ್ದೆವು. ಒಂದು ಹಾಲ್, ಆರು ಟೇಬಲ್, ಹಿಂದೆ ಅಡುಗೆಮನೆ. ನಡುವೆ ಬಾಗಿಲು ಇರಲಿಲ್ಲ, ಒಂದು ಹಳೆ ಸೀರೆಯ ಪರದೆ. ಸೆಖೆಗೆ ಅದನ್ನೂ ಯಾವಾಗಲೂ ಮೇಲೆ ಎತ್ತಿ ಕಟ್ಟಿರುತ್ತಿದ್ದೆವು. ಮುದ್ದೆ, ಬಸ್ಸಾರು, ಉಪ್ಸಾರು, ಪಲ್ಯ, ಅನ್ನ, ಮಜ್ಜಿಗೆ. ಇಂಜಿನಿಯರಿಂಗ್ ಹುಡುಗರು, ಗ್ಯಾರೇಜಿನವರು, ಬ್ಯಾಂಕಿನವರು ಬರುತ್ತಿದ್ದರು. ಒಂದು ದಿನ ತುಂಬಿದ ಹಾಲಿನಲ್ಲಿ ಒಬ್ಬ ಹುಡುಗ ಜೋರಾಗಿ, "ಅಕ್ಕಾ, ಸೊಪ್ಪಲ್ಲಿ ಮಣ್ಣು ಸಿಕ್ತು" ಅಂದ. ಅಷ್ಟೇ. ಎಲ್ಲರೂ ತಟ್ಟೆಯಿಂದ ತಲೆ ಎತ್ತಿ ನನ್ನ ಕಡೆ ನೋಡಿದರು. ಆ ಮಧ್ಯಾಹ್ನ ನಾನು ಹೊರಗೆ ಬರಲೇ ಇಲ್ಲ, ಯಜಮಾನರೇ ಬಡಿಸಿದರು. ಮರುದಿನದಿಂದ ಸೊಪ್ಪನ್ನು ಐದು ನೀರಿನಲ್ಲಿ ತೊಳೆಯಲು ಶುರು ಮಾಡಿದೆವು. ಇವತ್ತಿಗೂ ಐದೇ.

ಆ ಹುಡುಗನಿಗಿಂತ ದೊಡ್ಡ ಇನ್‌ಸ್ಪೆಕ್ಟರ್ ನನಗೆ ಆಮೇಲೆ ಸಿಕ್ಕಿಲ್ಲ.

ಬೆಂಗಳೂರಿನ ಹೋಟೆಲುಗಳು ಹಾಗೇ ಬೆಳೆದವು ಅಲ್ವಾ? 80ರ ದಶಕದಲ್ಲಿ ನಿಂತು ತಿನ್ನುವ ಹೋಟೆಲುಗಳು ಬಂದವು. ಟೋಕನ್ ತಗೊಂಡು ಕೌಂಟರ್ ಮುಂದೆ ನಿಂತರೆ ಕಾವಲಿ, ಹಿಟ್ಟಿನ ಪಾತ್ರೆ, ಚಟ್ನಿ ಬಡಿಸುವ ಕೈ ಎಲ್ಲ ಕಾಣುತ್ತದೆ. ಅಂಥ ಹೋಟೆಲುಗಳನ್ನೇ ಜನ ದರ್ಶಿನಿ ಅನ್ನುವುದು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಪಿಜಿಗಳು ಖಾಲಿಯಾದವು. ಹಾಲಿನ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಐದು ತಿಂಗಳು ಎಳೆದೆವು, ಆಮೇಲೆ ಟೇಬಲ್ಲು ಕುರ್ಚಿ ಮಾರಿದೆವು. ನನ್ನ ತಂಗಿ ಮಗ ನಮ್ಮನ್ನು ಆ್ಯಪ್‌ಗೆ ಸೇರಿಸಿದ. ಮೊದಲ ದಿನ ಮೂರು ಆರ್ಡರ್. ನಾನು ಅತ್ತೆ, ನಿಜವಾಗಲೂ. ದುಃಖಕ್ಕಲ್ಲ, ಮೂರು ಮನೆಯವರಾದರೂ ಉಣ್ಣುತ್ತಿದ್ದಾರಲ್ಲ ಅಂತ.

ಈ ಕೆಲಸ ಹೊಸದಾಗಿ ಕಲಿಯಬೇಕಾಯಿತು. ಬಿಸಿ ಮುದ್ದೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಬೆವರುತ್ತದೆ. ಆರಿಸಿ ಮುಚ್ಚಿದರೆ ಕಲ್ಲು. ಬಸ್ಸಾರು ಬೈಕಿನಲ್ಲಿ ಕುಲುಕಿ ಸೋರುತ್ತದೆ. ಎರಡು ತಿಂಗಳು ಒದ್ದಾಡಿದ ಮೇಲೆ ಬಾಳೆ ಎಲೆಯ ಚೂರಿಗೆ ತುಪ್ಪ ಸವರಿ, ಮುದ್ದೆಯನ್ನು ಅದರಲ್ಲಿ ಸುತ್ತಿ, ಮುಚ್ಚಳಕ್ಕೆ ಸೂಜಿಯಲ್ಲಿ ಎರಡು ತೂತು ಮಾಡುವುದನ್ನು ಕಲಿತೆವು. ನಲವತ್ತು ನಿಮಿಷವಾದರೂ ಮೆತ್ತಗಿರುತ್ತದೆ. ಪಕ್ಕದಲ್ಲೇ ಟ್ಯಾಬ್ ಇರುತ್ತದೆ. ಆರ್ಡರ್ ಬಿದ್ದರೆ ಕೂಗುತ್ತದೆ, ಒಪ್ಪಿಕೊಳ್ಳುವವರೆಗೂ ಬಾಯಿ ಮುಚ್ಚಲ್ಲ. ಈಗ ನಿದ್ದೆಯಲ್ಲೂ ಅದರ ಸದ್ದು ಕೇಳುತ್ತೆ.

ಇಷ್ಟು ಹೇಳಿದ್ದು ಯಾಕೆಂದರೆ, ನಾವು ಕಟ್ಟುವ ಡಬ್ಬಿಗೂ ನಮ್ಮ ಬೀದಿಯ ಕೊನೆಯಲ್ಲಿ ಕಟ್ಟುವ ಡಬ್ಬಿಗೂ ಗಿರಾಕಿಯ ಫೋನಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಬೀದಿಯ ಕೊನೆಯಲ್ಲಿ ಇನ್ನೊಂದು ಅಡುಗೆಮನೆ ಇದೆ. ಶಟರ್ ಅರ್ಧ ಎಳೆದಿರುತ್ತಾರೆ. ಒಂದು ಭಾನುವಾರ ನಮ್ಮ ಗ್ಯಾಸ್ ಖಾಲಿಯಾಗಿ, ಒಂದು ಸಿಲಿಂಡರ್ ಸಾಲ ಕೇಳಲು ನಾನು ಬಗ್ಗಿ ಒಳಗೆ ಹೋದೆ. ಗೋಡೆಗೆ ಸಾಲಾಗಿ ಮೊಳೆ ಹೊಡೆದು ಸ್ಟಿಕ್ಕರ್ ಸುರುಳಿಗಳನ್ನು ನೇತುಹಾಕಿದ್ದರು, ಬಳೆ ಅಂಗಡಿ ಥರ. ಎಣಿಸಿದೆ, ಹನ್ನೊಂದು. ಹನ್ನೊಂದು ಸುರುಳಿಗೆ ಹನ್ನೊಂದು ಹೋಟೆಲಿನ ಹೆಸರು. ಒಲೆ ಮೇಲೆ ಒಂದೇ ದೊಡ್ಡ ಪಾತ್ರೆ, ಅದರ ತುಂಬ ಕೆಂಪು ಗ್ರೇವಿ. ಅದಕ್ಕೆ ಕ್ರೀಮ್ ಹಾಕಿದರೆ ಒಂದು ಹೋಟೆಲಿನದು, ಕಸೂರಿ ಮೇಥಿ ಉದುರಿಸಿದರೆ ಇನ್ನೊಂದು ಹೋಟೆಲಿನದು, ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಮೂರನೆಯದು. ಒಂದು ಸ್ಟಿಕ್ಕರ್ ಮೇಲೆ ಸೆರಗು ಹೊದ್ದ ಅಜ್ಜಿಯ ಚಿತ್ರ, ಮನೆ ಅಡುಗೆ ಅಂತ ಕೆಳಗೆ ಬರಹ. ಒಳಗೆಲ್ಲ ಕಣ್ಣಾಡಿಸಿದೆ. ಅಜ್ಜಿ ಇರಲಿಲ್ಲ. ಇಪ್ಪತ್ತು ವರ್ಷದ ಆಸುಪಾಸಿನ ಮೂವರು ಹುಡುಗರು ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಕಿಟಕಿ ಇಲ್ಲ, ಒಂದು ಸಣ್ಣ ಫ್ಯಾನ್. ಒಳ್ಳೆಯ ಮಕ್ಕಳು. ಕೇಳಿದ ತಕ್ಷಣ ಸಿಲಿಂಡರ್ ಕೊಟ್ಟರು, ಹೊತ್ತು ತಂದೂ ಕೊಟ್ಟರು. ಅವರ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ, ಅವರೂ ಸಂಬಳಕ್ಕೆ ದುಡಿಯುವವರೇ.

ಅವತ್ತು ರಾತ್ರಿ ಮಗಳ ಜೊತೆ ಕೂತು ಆ್ಯಪ್ ತೆರೆದೆ. ನಿಮಗೆ ಗೊತ್ತಿರುವ ವಿಷಯವೇ, ಆಹಾರದ ವ್ಯಾಪಾರ ಮಾಡುವ ಪ್ರತಿಯೊಬ್ಬರಿಗೂ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 14 ಅಂಕಿಯ ಸಂಖ್ಯೆ ಕೊಡುತ್ತದೆ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣವರ ನೋಂದಣಿ. ಆ್ಯಪ್‌ನಲ್ಲಿ ಅದು ಇದೆ. ಎಲ್ಲಿದೆ ಅಂದರೆ, ಸ್ಟಾರ್ಟರ್ ದಾಟಿ, ಬಿರಿಯಾನಿ ದಾಟಿ, ನೀರಿನ ಬಾಟಲಿನ ಬೆಲೆಯನ್ನೂ ದಾಟಿ, ಬೆರಳು ನೋಯುವಷ್ಟು ಕೆಳಗೆ, ಇರುವೆಯಂಥ ಅಕ್ಷರದಲ್ಲಿ. ನಾನು ಹೇಳುತ್ತಾ ಹೋದೆ, ಮಗಳು ಹಳೆ ಡೈರಿಯಲ್ಲಿ ಬರೆದುಕೊಂಡಳು. ಒಂದೇ ಸಂಖ್ಯೆ ಹನ್ನೊಂದು ಹೆಸರಿನ ಕೆಳಗೆ ಸಿಕ್ಕಿತು. ಇನ್ನೊಂದು ಸಂಖ್ಯೆ ಏಳು ಹೆಸರಿನ ಕೆಳಗೆ. ಮಗಳು ನಕ್ಕಳು. "ಅಮ್ಮಾ, ನಾವು ಇವತ್ತು ಬೇರೆ ಹೋಟೆಲಿಂದ ತರಿಸೋಣ ಅಂತ ಮೂರು ಸಲ ಬೇರೆ ಬೇರೆ ತರಿಸಿದ್ವಲ್ಲ, ಮೂರೂ ಇಲ್ಲಿಂದಾನೇ" ಅಂದಳು. ಹೌದು, ನಾವೂ ಹೊರಗಿನ ಊಟ ತರಿಸುತ್ತೇವೆ ಸ್ವಾಮಿ. ದಿನವೂ ಮುದ್ದೆ ತೊಳಸಿದವರಿಗೆ ಭಾನುವಾರ ಫ್ರೈಡ್ ರೈಸ್ ಬೇಕು ಅನ್ನಿಸುತ್ತೆ.

ಒಂದು ಅಡುಗೆಮನೆಗೆ ಹಲವು ಹೆಸರು ಇರುವುದು ಕಾನೂನಿಗೆ ವಿರುದ್ಧ ಅಲ್ಲ. ಅಡುಗೆಮನೆ ಚೊಕ್ಕಟವಾಗಿದ್ದರೆ ತಪ್ಪೂ ಅಲ್ಲ. ನನ್ನ ತಕರಾರು ಮುಂದಿನದಕ್ಕೆ.

ಮೊದಲು ನಮ್ಮನ್ನು ಆ್ಯಪ್‌ಗೆ ಸೇರಿಸಿದ ಆ ತಂಗಿ ಮಗ ಈಗ ಮಾರತ್ತಹಳ್ಳಿಯ ಪಿಜಿಯಲ್ಲಿದ್ದಾನೆ. ಒಂದು ರಾತ್ರಿ ಪನೀರ್ ರೈಸ್ ತರಿಸಿ ತಿಂದ. ಎರಡು ಗಂಟೆಯಿಂದ ವಾಂತಿ, ಬೆಳಗ್ಗೆ ಡ್ರಿಪ್ ಹಾಕಿಸಬೇಕಾಯಿತು. ಅದೇ ಊಟದಿಂದ ಆಯಿತು ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ, ಅದಕ್ಕೇ ಆ ಹೋಟೆಲಿನ ಹೆಸರಾಗಲಿ, ಆ್ಯಪ್‌ನ ಹೆಸರಾಗಲಿ ಬರೆಯುವುದಿಲ್ಲ. ಆದರೆ ಕೇಳೋಣ ಅಂದರೆ ಯಾರನ್ನು ಕೇಳುವುದು? ಆ್ಯಪ್‌ನ ಚಾಟ್‌ನಲ್ಲಿ ಬರೆದ. ನಿಮ್ಮ ಅನುಭವಕ್ಕೆ ವಿಷಾದವಿದೆ ಅಂತ ಬಂತು. ಫೋಟೋ ಕಳಿಸಿ ಅಂದರು. ವಾಂತಿಯ ಫೋಟೋನಾ? ಕೊನೆಗೆ ಊಟದ ದುಡ್ಡು ವಾಪಸ್ ಬಂತು, ಮಾತು ಮುಗೀತು. ಬೇರೆಯವರೂ ಅದೇ ವಾರ ಕೆಟ್ಟದಾಗಿ ಬರೆದಿದ್ದರು. ಮೂರು ವಾರ ಬಿಟ್ಟು ನೋಡಿದರೆ ಆ ಹೆಸರೇ ಇಲ್ಲ. ಅದೇ 14 ಅಂಕಿ, ಅದೇ ಪನೀರ್ ರೈಸಿನ ಫೋಟೋ, ಮೇಲೆ ಬೇರೆ ಹೆಸರು, ಪಕ್ಕದಲ್ಲಿ ಹೊಸದು ಅನ್ನುವ ಹಸಿರು ಚೀಟಿ.

ನಮ್ಮ ಊರಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡುವ ಮಾತು, ಹೆಸರು ಕೆಡಿಸ್ಕೋಬೇಡ ಅಂತ. ಹೋಟೆಲಿನವರಿಗೆ ಇರುವ ಒಂದೇ ಆಸ್ತಿ ಹೆಸರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಅದೇ ಹೆಸರಿನಲ್ಲಿ ದೋಸೆ ಹಾಕುತ್ತಿದೆ. ದೋಸೆ ಕೆಟ್ಟರೆ ಹೆಸರು ಹೋಗುತ್ತದೆ ಅನ್ನುವ ಭಯ ಅಡುಗೆಯವನ ಕೈಯಲ್ಲಿ ಇರುತ್ತದೆ. ಈಗ ಆ ಭಯವೇ ಬೇಕಿಲ್ಲ. ಹೆಸರು ಕೆಟ್ಟರೆ ಸ್ಟಿಕ್ಕರ್ ಸುರುಳಿ ಬದಲಾಯಿಸಿದರಾಯಿತು, ಅದಕ್ಕೆ ಎಷ್ಟು ಖರ್ಚು? ನಾನು ಒಂದೇ ಹೆಸರಿನಲ್ಲಿ ಐದು ವರ್ಷದಿಂದ ಕೂತಿದ್ದೇನೆ. ಒಂದು ದಿನ ಉಪ್ಪು ಜಾಸ್ತಿಯಾಗಿ ಬಿದ್ದ ಒಂದು ಸ್ಟಾರ್ ಇವತ್ತಿಗೂ ನನ್ನ ಬೆನ್ನ ಹಿಂದೆ ಇದೆ. ಹೆಸರು ಬದಲಾಯಿಸುವವರು ಪ್ರತಿ ಆರು ತಿಂಗಳಿಗೆ ಹೊಸ ಮದುವಣಗಿತ್ತಿ ಥರ ಬರುತ್ತಾರೆ.

ನಿಮ್ಮ ಇಲಾಖೆ ಮಾಡಿದ ಕೆಲಸವನ್ನು ನಾನು ಕಡೆಗಣಿಸುತ್ತಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಬಂತು. ಆಗ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಬಣ್ಣ ಸಿಕ್ಕಿತ್ತು. ಕಾಟನ್ ಕ್ಯಾಂಡಿಗೆ ಹಾಕುವ ರೋಡಮೈನ್-ಬಿ ಬಣ್ಣ ಕೂಡ ಆಗಲೇ ನಿಂತಿದ್ದು. 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದನ್ನೂ ನಿಲ್ಲಿಸಿದಿರಿ. ಗೋಬಿ ಆದೇಶದ ಮರುದಿನವೇ ನಮ್ಮ ಬೀದಿಯ ಗಾಡಿಯವನ ಗೋಬಿ ಬೆಳ್ಳಗಾಯಿತು. ಜನ ಮೊದಲು ಮೂಗು ಮುರಿದರು, ಆಮೇಲೆ ತಿಂದರು.

ಯೋಚನೆ ಮಾಡಿ, ಅದು ಯಾಕೆ ಸಾಧ್ಯವಾಯಿತು? ಗೋಬಿ ಗಾಡಿ ರಸ್ತೆಯಲ್ಲಿತ್ತು. ಬಣ್ಣ ಕಣ್ಣಿಗೆ ಕಾಣುತ್ತಿತ್ತು. ಇಡ್ಲಿ ಬೇಯಿಸುವವನ ಮುಂದೆ ಯಾರೋ ನಿಂತು ಪ್ಲಾಸ್ಟಿಕ್ ನೋಡಿದ್ದರು, ವಿಡಿಯೋ ಮಾಡಿದ್ದರು. ಅರ್ಧ ಶಟರ್ ಎಳೆದ ಅಡುಗೆಮನೆಯಲ್ಲಿ ಯಾರು ನಿಂತು ನೋಡುತ್ತಾರೆ? ಡೆಲಿವರಿ ಹುಡುಗನೂ ಒಳಗೆ ಬರುವಂತಿಲ್ಲ. ಅವನು ಹೊರಗೆ ಬಿಸಿಲಿನಲ್ಲಿ ಬೈಕಿನ ಮೇಲೆ ಕೂತಿರುತ್ತಾನೆ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಇಡ್ಲಿ ಹಬೆಗೆ ಪ್ಲಾಸ್ಟಿಕ್ ಬೇಡ ಅಂದಿರಿ. ಕುದಿಯುವ ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ಹುಯ್ಯುವುದು ನಾನೂ ಮಾಡುತ್ತೇನೆ. ಹತ್ತು ನಿಮಿಷ ಆರಿಸೋಣ ಅಂದರೆ ಟ್ಯಾಬ್‌ನಲ್ಲಿ ಗಡಿಯಾರ ಓಡುತ್ತಿರುತ್ತದೆ, ತಡವಾದರೆ ನಮ್ಮ ಲೆಕ್ಕಕ್ಕೆ ಕಪ್ಪು ಚುಕ್ಕೆ. ಡಬ್ಬಿ ಮಾರುವವನು ಇದು ಫುಡ್ ಗ್ರೇಡ್ ಅನ್ನುತ್ತಾನೆ. ಎಲ್ಲ ಡಬ್ಬಿಗೂ ಹಾಗೇ ಅನ್ನುತ್ತಾನೆ. ಬಿಸಿ ಸಾರಿಗೆ ಯಾವ ಡಬ್ಬಿ, ಅದರ ಮೇಲೆ ಯಾವ ಗುರುತು ಇರಬೇಕು ಅಂತ ಒಂದು ಪುಟದಲ್ಲಿ, ಚಿತ್ರದ ಸಮೇತ, ಕನ್ನಡದಲ್ಲಿ ಕೊಡಿ. ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಇನ್ನು ದುಡ್ಡಿನ ಲೆಕ್ಕ. ಇದು ನಿಮ್ಮ ಇಲಾಖೆಗೆ ಸಂಬಂಧಿಸಿದ್ದಲ್ಲ ಅನ್ನಿಸಬಹುದು, ಸ್ವಲ್ಪ ತಾಳಿ. ನನ್ನ ಮುದ್ದೆ ಊಟದ ಬೆಲೆ 160 ರೂಪಾಯಿ. ಆಫರ್ ಇಲ್ಲದಿದ್ದರೆ ನಮ್ಮ ಹೆಸರು ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಅದಕ್ಕೆ 30 ರೂಪಾಯಿ ಕಡಿಮೆ ಮಾಡುತ್ತೇನೆ. 130. ಅದರಲ್ಲಿ ನೂರಕ್ಕೆ 24ರಂತೆ ಕಮಿಷನ್, 31 ರೂಪಾಯಿ. ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, ಹತ್ತಿರ ಹತ್ತಿರ 6 ರೂಪಾಯಿ. ಮೇಲೆ ಕಾಣಿಸಿಕೊಳ್ಳಲು ಕೊಡುವ ಜಾಹೀರಾತಿನ ದುಡ್ಡು ಒಂದು ಆರ್ಡರಿಗೆ 8 ಬೀಳುತ್ತದೆ. ಡಬ್ಬಿ, ಚೀಲ, ಬಾಳೆ ಎಲೆ ಸೇರಿ 11. ಉಳಿಯುವುದು 74. ಡೆಲಿವರಿ ಚಾರ್ಜು, ಪ್ಲಾಟ್‌ಫಾರ್ಮ್ ಫೀಸು, ತೆರಿಗೆ ಎಲ್ಲ ಸೇರಿ ಗಿರಾಕಿ ಕೊಟ್ಟಿದ್ದು ಸುಮಾರು 180. ನೂರ ಎಂಬತ್ತು ಕೊಟ್ಟವರು 180 ರೂಪಾಯಿಯ ಊಟ ಬರಲಿ ಅಂತ ಕಾಯುತ್ತಾರೆ. 74 ರೂಪಾಯಿಯಲ್ಲಿ ರಾಗಿ, ಸೊಪ್ಪು, ಕಾಳು, ಗ್ಯಾಸು, ಬಾಡಿಗೆ, ಇಬ್ಬರ ಕೂಲಿ ಎಲ್ಲ ಆಗಬೇಕು.

ಈ 74ರಲ್ಲಿ ಎಣ್ಣೆಯನ್ನು ಎಷ್ಟು ಸಲ ಕಾಯಿಸುತ್ತಾರೆ ಅನ್ನುವುದು ಮಾತ್ರ ನಿಮ್ಮ ಇಲಾಖೆಯ ಲೆಕ್ಕವೇ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹೆಚ್ಚುವ ಅಂಶ, ಶೇ 25 ದಾಟಬಾರದು ಅಂತ 2018ರ ಜುಲೈಯಿಂದ ನಿಯಮ ಇದೆ. ನಾನು ಕರಿಯುವುದು ಹಪ್ಪಳ, ಸಂಡಿಗೆ ಅಷ್ಟೇ. ಹನ್ನೊಂದು ಹೆಸರಿನ ಅಡುಗೆಮನೆಯಲ್ಲಿ ಬೆಳಗ್ಗೆ ಹನ್ನೊಂದರಿಂದ ರಾತ್ರಿ ಎರಡರವರೆಗೆ ಬಾಣಲೆ ಕೆಳಗಿಳಿಯುವುದೇ ಇಲ್ಲ. ಆ ಎಣ್ಣೆಯ ಬಣ್ಣ ನಾನು ಕಂಡಿದ್ದೇನೆ. ಪದಾರ್ಥದಲ್ಲಿ ಉಳಿಸಬೇಡ ಅಂದರೆ ಇನ್ನೆಲ್ಲಿ ಉಳಿಸಲಿ ಅಂತ ಆ ಮಾಲೀಕರೂ ಕೇಳಬಹುದು, ಆ ಪ್ರಶ್ನೆಯೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. 2018ರಲ್ಲೇ ಎಫ್‌ಎಸ್‌ಎಸ್‌ಎಐ, ಲೈಸೆನ್ಸ್ ಇಲ್ಲದ ಹೋಟೆಲುಗಳನ್ನು ತೆಗೆದುಹಾಕಿ ಅಂತ ಆ್ಯಪ್‌ಗಳಿಗೆ ಹೇಳಿತು. ಕೇಂದ್ರದ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ಮಾರುವವನ ಹೆಸರು, ವಿಳಾಸ, ದೂರು ಕೊಡುವ ನಂಬರ್ ಗ್ರಾಹಕರಿಗೆ ಕಾಣಬೇಕು ಅಂತಿದೆ. ಯಾರನ್ನು ಪಟ್ಟಿಯಲ್ಲಿ ಮೇಲೆ ತೋರಿಸುತ್ತೇವೆ, ಯಾಕೆ ತೋರಿಸುತ್ತೇವೆ ಅನ್ನುವುದನ್ನು ಸರಳ ಭಾಷೆಯಲ್ಲಿ ಹೇಳಬೇಕು ಅಂತಲೂ ಇದೆ. ಮಗಳು ಓದಿ ಹೇಳಿದಾಗ ನಾನು ನಂಬಲಿಲ್ಲ. ಐದು ವರ್ಷದಲ್ಲಿ ನನಗೆ ಆ ಸರಳ ಭಾಷೆ ಎಲ್ಲೂ ಕಂಡಿಲ್ಲ. ಆಫರ್ ಹಾಕಿ ಮೇಡಂ, ಮೇಲೆ ಬರ್ತೀರಿ ಅಂತ ಫೋನ್ ಮಾಡುವ ಹುಡುಗನ ಭಾಷೆ ಮಾತ್ರ ಕೇಳಿದ್ದೇನೆ. ಹೋಟೆಲಿನವರ ರಾಷ್ಟ್ರೀಯ ಸಂಘ ದೂರು ಕೊಟ್ಟ ಮೇಲೆ 2022ರ ಏಪ್ರಿಲ್‌ನಲ್ಲಿ ವ್ಯಾಪಾರದಲ್ಲಿ ನ್ಯಾಯದ ಪೈಪೋಟಿ ಇದೆಯಾ ಅಂತ ನೋಡುವ ಕೇಂದ್ರದ ಸ್ಪರ್ಧಾ ಆಯೋಗ ದೊಡ್ಡ ಆ್ಯಪ್‌ಗಳ ಮೇಲೆ ತನಿಖೆಗೆ ಆದೇಶ ಮಾಡಿತು. ಅದು ದೆಹಲಿಯ ವಿಷಯ, ಅಲ್ಲಿಗೆ ಬಿಡೋಣ.

ನನಗೆ ಹೆಚ್ಚು ಕಾಡುವ ವಿಷಯ ಇದು. 2022ರ ಜನವರಿಯಿಂದ ಆ್ಯಪ್ ಮೂಲಕ ಹೋಗುವ ಊಟದ ಶೇ 5 ಜಿಎಸ್‌ಟಿಯನ್ನು ಹೋಟೆಲಿನ ಬದಲು ಆ್ಯಪ್‌ನವರೇ ಕಟ್ಟಬೇಕು ಅಂತ ಮಾಡಿದರು. ಲಕ್ಷಾಂತರ ಹೋಟೆಲುಗಳ ಹಿಂದೆ ಓಡುವುದಕ್ಕಿಂತ ನಾಲ್ಕು ಕಂಪನಿಗಳ ಹತ್ತಿರ ವಸೂಲಿ ಮಾಡುವುದು ಸುಲಭ ಅಂತ ತಾನೆ? ಸರಿಯಾದ ಯೋಚನೆ. ತೆರಿಗೆ ಬೇಕಾದಾಗ ಸರ್ಕಾರಕ್ಕೆ ಆ ಬಾಗಿಲು ಸಿಕ್ಕಿತು. ಸ್ವಚ್ಛತೆ ಬೇಕಾದಾಗ ಯಾಕೆ ಅದೇ ಬಾಗಿಲು ತಟ್ಟುವುದಿಲ್ಲ? ಯಾವ ಅಡುಗೆಮನೆಯಿಂದ ದಿನಕ್ಕೆ ಎಷ್ಟು ಪಾರ್ಸೆಲ್, ಎಷ್ಟು ಹೆಸರಿನಲ್ಲಿ, ಎಷ್ಟು ದೂರು ಅನ್ನುವ ಲೆಕ್ಕ ಆ್ಯಪ್‌ನವರ ಹತ್ತಿರ ನಿಮಿಷ ನಿಮಿಷಕ್ಕೂ ಇರುತ್ತದೆ. ನನ್ನ ಮುದ್ದೆ ಎರಡು ನಿಮಿಷ ತಡವಾದರೆ ಅವರಿಗೆ ಗೊತ್ತಾಗುತ್ತದೆ. ಒಂದೇ ಅಡುಗೆಮನೆಯ ಮೂರು ಹೆಸರಿನ ಮೇಲೆ ಒಂದೇ ವಾರ ಹೊಟ್ಟೆ ಕೆಟ್ಟ ದೂರು ಬಂದರೆ ಗೊತ್ತಾಗುವುದಿಲ್ಲವೇ?

ನಮ್ಮ ರಾಜ್ಯಕ್ಕೆ ಇದು ಕೈಲಾಗದ ಕೆಲಸವೂ ಅಲ್ಲ. ಡೆಲಿವರಿ ಹುಡುಗರಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿರಿ. ಅವರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ ಅಂತೆಲ್ಲ ಮಾಡಿದ್ದೀರಿ. ನಮ್ಮ ಬಾಗಿಲಲ್ಲಿ ನಿಲ್ಲುವ ಹುಡುಗರಿಗೆ ನಾನು ಅದನ್ನು ಓದಿ ಹೇಳಿದ್ದೇನೆ. ಆದರೆ ಆ ಬನಿಯನ್ ಹಾಕಿದ ಮೂವರು ಅಡುಗೆ ಹುಡುಗರು ಯಾವ ಲೆಕ್ಕದಲ್ಲಿ ಬರುತ್ತಾರೆ? ಡೆಲಿವರಿಯವನನ್ನಾದರೂ ರಸ್ತೆಯಲ್ಲಿ ನಾಲ್ಕು ಜನ ನೋಡುತ್ತಾರೆ.

ಹೋದ ವರ್ಷ ಆಷಾಢದಲ್ಲಿ ಒಂದು ಮಧ್ಯಾಹ್ನ ಮಳೆ ಹನಿಯುತ್ತಿತ್ತು. ಛತ್ರಿ ಹಿಡಿದ ಒಬ್ಬ ಅಜ್ಜ ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಎಪ್ಪತ್ತೈದರ ಮೇಲಿರಬಹುದು. ಕೈಯಲ್ಲಿ ನಮ್ಮದೇ ಡಬ್ಬಿಯ ಮುಚ್ಚಳ, ತೊಳೆದು ಒರೆಸಿದ್ದು. ನಾವು ಮುಚ್ಚಳದ ಮೇಲೆ ವಿಳಾಸ ಅಂಟಿಸುತ್ತೇವೆ, ಅದನ್ನು ಹಿಡಿದುಕೊಂಡು ಮನೆ ಮನೆ ಕೇಳಿಕೊಂಡು ಬಂದಿದ್ದರು. "ಇಲ್ಲಿ ಹೋಟ್ಲು ಎಲ್ಲಮ್ಮ?" ಅಂದರು. ಇದೇ ಅಂದೆ. ಅವರ ಹೆಂಡತಿಗೆ ಆಪರೇಷನ್ ಆಗಿತ್ತಂತೆ, ಒಂದು ವಾರದಿಂದ ನಮ್ಮ ಊಟವನ್ನೇ ತರಿಸುತ್ತಿದ್ದರಂತೆ. ಏನಾದರೂ ತೊಂದರೆ ಆಯ್ತಾ ಅಂತ ನನ್ನ ಎದೆ ಹೊಡೆದುಕೊಂಡಿತು. "ಇಲ್ಲಮ್ಮ, ಅವಳು ಚೆನ್ನಾಗಿದಾಳೆ. ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದರು.

ಒಳಗೆ ಕರೆದೆ. ಚಪ್ಪಲಿ ಬಿಟ್ಟು ಬಂದರು. ಸಿಂಕ್ ನೋಡಿದರು. ಸೊಪ್ಪು ನೆನೆಹಾಕಿದ ಬಕೆಟ್ ನೋಡಿದರು. ಯಜಮಾನರು ಮುದ್ದೆ ಕೋಲು ಹಿಡಿದು ತೊಳಸುತ್ತಿದ್ದರು, ಅದನ್ನು ಎರಡು ನಿಮಿಷ ನೋಡುತ್ತಾ ನಿಂತರು. ಕೂರಿಸೋಣ ಅಂದರೆ ನನ್ನ ಹತ್ತಿರ ಒಂದು ಕುರ್ಚಿ ಇಲ್ಲ. ಎಣ್ಣೆ ಡಬ್ಬ ಕವುಚಿ ಮೇಲೆ ಟವೆಲ್ ಹಾಕಿದೆ. ಅಲ್ಲೇ ಕೂತು ಅರ್ಧ ಮುದ್ದೆ, ಬಸ್ಸಾರು ಉಂಡರು. ಹೋಗುವಾಗ, "ಸರಿ ಹಂಗಾದ್ರೆ, ಇನ್ನು ಧೈರ್ಯವಾಗಿ ತರಿಸ್ತೀನಿ" ಅಂದರು. ಹದಿನಾಲ್ಕು ವರ್ಷ ಮೆಸ್ಸಿನಲ್ಲಿ ದಿನವೂ ನೂರು ಜನ ನನ್ನನ್ನು ನೋಡುತ್ತಿದ್ದರು, ಅದರ ಬೆಲೆ ಆಗ ಗೊತ್ತಿರಲಿಲ್ಲ. ನೋಡಿಸಿಕೊಂಡು ಇಷ್ಟು ಖುಷಿಯಾದದ್ದು ಅವತ್ತೇ.

ಆ ಅಜ್ಜನಿಗೆ ಆ ಮಳೆಯಲ್ಲಿ ಬರುವ ಕಷ್ಟ ಯಾಕೆ ಬೇಕಿತ್ತು, ಹೇಳಿ. ಫೋನಿನಲ್ಲೇ ಕಾಣುವಂತೆ ಮಾಡಬಹುದಿತ್ತು.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಹೋಟೆಲಿನ ಹೆಸರಿನ ಪಕ್ಕದಲ್ಲೇ, ಸ್ಟಾರ್ ಎಷ್ಟು ದಪ್ಪ ಕಾಣುತ್ತದೋ ಅಷ್ಟೇ ದಪ್ಪವಾಗಿ, ಇದು ಪಾರ್ಸೆಲ್ ಮಾತ್ರದ ಅಡುಗೆಮನೆ, ಇಲ್ಲಿಂದಲೇ ಇನ್ನೂ ಇಂಥಿಂಥ ಹೆಸರಿನಲ್ಲಿ ಊಟ ಹೋಗುತ್ತದೆ ಅಂತ ತೋರಿಸಲಿ. 14 ಅಂಕಿಯ ಸಂಖ್ಯೆ ಒಂದೇ ಆಗಿರುವುದರಿಂದ ಹೊಸ ಕಾಗದಪತ್ರ ಏನೂ ಬೇಡ. ಸ್ಟಾರ್ ಕೂಡ ಹೆಸರಿಗೆ ಅಂಟುವುದು ಬೇಡ, ಆ ಸಂಖ್ಯೆಗೆ ಅಂಟಲಿ. ಆಗ ಹೆಸರು ಬದಲಾಯಿಸಿದರೂ ಹಳೆಯ ಉಪ್ಪು ಖಾರ ಜೊತೆಗೇ ಬರುತ್ತದೆ, ನನಗೆ ಬರುವಂತೆ. ಎಫ್‌ಎಸ್‌ಎಸ್‌ಎಐ ಸ್ವಚ್ಛತೆಗೆ ರೇಟಿಂಗ್ ಕೊಡುವ ಯೋಜನೆಯನ್ನು ಈಗಾಗಲೇ ಮಾಡಿದೆ. ಇಷ್ಟವಿದ್ದವರು ತಗೊಳ್ಳಿ ಅಂತ ಬಿಟ್ಟಿದ್ದಾರೆ. ಗಿರಾಕಿ ಕಣ್ಣಾರೆ ನೋಡಲಾಗದ ಅಡುಗೆಮನೆಗಳಿಗೆ ಅದನ್ನು ಕಡ್ಡಾಯ ಮಾಡಿಸಿ. ಕೇಂದ್ರಕ್ಕೆ ಬರೆಯಬೇಕಾದ್ದು ಬರೆಯಿರಿ, ಇಲ್ಲೇ ಆಗುವುದನ್ನು ಇಲ್ಲೇ ಮಾಡಿ. ಹೊಟ್ಟೆ ಕೆಟ್ಟಿತು ಅಂತ ಆ್ಯಪ್‌ಗೆ ಬಂದ ದೂರಿನ ಒಂದು ಪ್ರತಿ ದುಡ್ಡು ವಾಪಸ್ ಕೊಟ್ಟರೂ ನಿಮ್ಮ ಜಿಲ್ಲೆಯ ಆಹಾರ ಸುರಕ್ಷತೆ ಅಧಿಕಾರಿಗೆ ತಲುಪುವಂತೆ ಮಾಡಿ. ಈಗ ಆ ದೂರು ವಾಪಸ್ ಕೊಟ್ಟ ಊಟದ ದುಡ್ಡಿಗೆ ಮಾರಾಟವಾಗಿ ಅಲ್ಲೇ ಸಾಯುತ್ತದೆ.

ಒಂದು ಭಯವನ್ನೂ ಹೇಳಿಬಿಡುತ್ತೇನೆ. ಇದನ್ನು ಓದಿ ನಾಳೆ ಬೆಳಗ್ಗೆ ನಾಲ್ಕು ಜೀಪು ಹೊರಟು, ಮನೆಯಲ್ಲಿ ಹೋಳಿಗೆ ಮಾಡಿ ಮಾರುವ ಹೆಂಗಸರ ಬಾಗಿಲಿಗೆ ಹೋಗುವುದು ಬೇಡ. ಅವರ ಬಾಗಿಲು ಬೀದಿಗೇ ಇದೆ. ಸಣ್ಣವರಿಗೆ ನೋಂದಣಿ ಸಾಕು ಅಂತ ಕಾನೂನು ಬಿಟ್ಟಿರುವ ಸಡಿಲಿಕೆ ಹಾಗೇ ಇರಲಿ. ಒಂದು ಸಂಖ್ಯೆಯಲ್ಲಿ ನಾಲ್ಕೈದು ಹೆಸರಿಗಿಂತ ಜಾಸ್ತಿ ಇರುವಲ್ಲಿಂದ ಶುರು ಮಾಡಿ.

ಬೋರ್ಡಿನ ವಿಷಯವನ್ನೂ ಇಲ್ಲೇ ಹೇಳಬಹುದಾ? ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತು. ಬೋರ್ಡೇ ಇಲ್ಲದ ಹೋಟೆಲಿಗೆ ಏನು ಮಾಡುತ್ತೀರಿ? ನಮ್ಮ ಬೋರ್ಡ್ ಅಂದರೆ ಆ್ಯಪ್. ಅಲ್ಲಿ ಬಸ್ಸಾರನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿ, ಬಸ್ಸು ಕಾರು ಏನಿದು ಅಂತ ಕೇಳಿದವರಿದ್ದಾರೆ.

ಮುಂದೆ ಏನಾಗುತ್ತದೆ ಅನ್ನುವುದು ನಮಗೆ ಕಾಣುತ್ತಿದೆ. ಹತ್ತು ನಿಮಿಷದಲ್ಲಿ ಊಟ ಅನ್ನುವ ಜಾಹೀರಾತು ಬಂದಾಗಿದೆ. ಹತ್ತು ನಿಮಿಷದಲ್ಲಿ ಬಸ್ಸಾರು ಆಗಲ್ಲ. ಕಾಳು ಬೇಯಬೇಕು, ಕಟ್ಟು ಬಸಿಯಬೇಕು, ಖಾರ ಅರೆಯಬೇಕು. ಹತ್ತು ನಿಮಿಷದಲ್ಲಿ ಆಗುವುದು ಎಲ್ಲೋ ಬೇಯಿಸಿ, ತಣ್ಣಗೆ ಮಾಡಿ ಇಟ್ಟಿದ್ದನ್ನು ಬಿಸಿ ಮಾಡಿ ಕೊಡುವುದು. ಅದು ಕೆಟ್ಟದ್ದು ಅಂತ ನಾನು ಹೇಳಲ್ಲ, ಸರಿಯಾಗಿ ಇಟ್ಟರೆ ತಿನ್ನಬಹುದು. ಆದರೆ ಎಲ್ಲಿ ಬೇಯಿಸಿದ್ದು, ಯಾವತ್ತು ಬೇಯಿಸಿದ್ದು ಅಂತ ಡಬ್ಬಿಯ ಮೇಲೆ ಇರಬೇಕೋ ಬೇಡವೋ? ಬ್ರೆಡ್ಡಿನ ಪೊಟ್ಟಣದ ಮೇಲೆ ತಾರೀಖು ಇರುತ್ತದೆ. ಕಮಿಷನ್ ಇಲ್ಲದ ಆ್ಯಪ್ ಕೂಡ ಇದೇ ಊರಿನಲ್ಲಿ ಆಟೋದವರಿಗೆ ಸಿಕ್ಕಿದೆ. 2022ರಲ್ಲಿ ನಮ್ಮ ಯಾತ್ರಿ ಬಂತು. ಊಟಕ್ಕೂ ಅಂಥದ್ದೊಂದು ನಿಂತರೆ ನನ್ನ 74 ರೂಪಾಯಿ 100 ಆಗಬಹುದು. ಆ ಆಸೆ ನನಗಿದೆ. ಆದರೆ ಅಲ್ಲೂ ಶಟರ್ ಅರ್ಧ ಎಳೆದೇ ಇದ್ದರೆ ತಿನ್ನುವವರಿಗೆ ಏನು ಲಾಭ?

ಕೊನೆಯದಾಗಿ ಒಂದು ಕರೆಯೋಲೆ. ನೀವೋ, ನಿಮ್ಮ ಆಯುಕ್ತರೋ ಒಂದು ದಿನ ಇಲ್ಲಿಗೆ ಬನ್ನಿ. ಹನ್ನೊಂದೂವರೆಗೆ ಮೊದಲ ಮುದ್ದೆ ತೊಳಸುತ್ತೇವೆ. ಕೂರಲು ಈಗ ಎರಡು ಕುರ್ಚಿ ತಂದಿಟ್ಟಿದ್ದೇನೆ. ಮೊದಲೇ ಫೋನ್ ಮಾಡಿ ಹೇಳಬೇಡಿ, ಹಾಗೇ ಬನ್ನಿ. ಆಮೇಲೆ ಬೀದಿಯ ಕೊನೆಗೂ ಹಾಗೇ ಹೋಗಿ.

ಇಂತಿ ನಿಮ್ಮ ವಿಶ್ವಾಸಿ,
ನಾಗರಭಾವಿಯ ಒಬ್ಬ ಅಡುಗೆಯವಳು